ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದರೆ ಮಾತ್ರೆ ಕೂಡ್ತಿಲ್ಲ, ಎಲ್ಲಿ ತಪ್ಪಿದೆ?

ಹತ್ತನೇ ಕ್ಲಾಸು
ಕುಮಾರವ್ಯಾಸನ ಭಾರತದ ಮೊದಲ ಪದ್ಯಕ್ಕೆ ಪ್ರಸ್ತಾರ (ಅಕ್ಷರಗಳಿಗೆ ಗುರು ಲಘು ಗುರುತು) ಹಾಕ್ತಾ ಇದ್ದೀನಿ. ಲಘು 1 ಮಾತ್ರೆ, ಗುರು 2 ಮಾತ್ರೆ ಅಂತ ಎಣಿಸ್ತೀನಿ. ಪದ್ಯ ಇದು:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನ ನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು
ಧಾ ವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಾಯಣ

ಭಾಮಿನಿ ಅಂದರೆ 1, 2, 4, 5ನೇ ಸಾಲು 14 ಮಾತ್ರೆ, 3 ಮತ್ತು 6ನೇ ಸಾಲು 23 ಮಾತ್ರೆ ಬರಬೇಕು ಅಲ್ವಾ? ನನಗೆ 1, 2, 5 ಸರಿಯಾಗಿ 14 ಬಂತು. 3ನೇ ಸಾಲು 22 ಬರುತ್ತೆ, 4ನೇ ಸಾಲು 15 ಬರುತ್ತೆ. 6ನೇದು 23, ಅದು ಸರಿ ಇದೆ. ಉಳಿದ ಎರಡು ಸಾಲಲ್ಲಿ ಏನು ತಪ್ಪು ಮಾಡಿದೀನಿ?

ಇನ್ನೊಂದು ಪ್ರಶ್ನೆ. ಉಪಮೆಯಲ್ಲೂ ‘ಅಂತೆ’ ಬರುತ್ತೆ, ಉತ್ಪ್ರೇಕ್ಷೆಯಲ್ಲೂ ‘ಅಂತೆ’ ಬರುತ್ತೆ. ಬೇರೆ ಮಾಡೋದು ಹೇಗೆ?

ಕಂದಪದ್ಯ
3ನೇ ಸಾಲಿಂದ ಶುರು ಮಾಡೋಣ. ಗಣ (ಮಾತ್ರೆಗಳ ಗುಂಪು) ಬಿಡಿಸಿದರೆ ಹೀಗೆ:

ಪಾವ | ನನೆಸನ | ಕಾದಿ | ಸಜ್ಜನ | ನಿಕರ | ದಾತಾ | ರ

3, 4, 3, 4, 3, 4 ಆಯ್ತು, 21. ಕೊನೆಗೆ ‘ರ’ ಒಂದೇ ಉಳೀತು. ನೀವು ಅದನ್ನ ಲಘು ಅಂತ ಹಿಡಿದು 22 ಮಾಡಿದೀರಿ. ಷಟ್ಪದಿಯ 3 ಮತ್ತು 6ನೇ ಪಾದದ ಕೊನೆಯ ಅಕ್ಷರ ಹ್ರಸ್ವ ಆಗಿದ್ದರೂ ಗುರು ಅಂತಲೇ ಎಣಿಸಬೇಕು. 21ಕ್ಕೆ 2 ಸೇರಿಸಿ, 23 ಆಯ್ತು.

ಹತ್ತನೇ ಕ್ಲಾಸು
ಓ ಹೌದು, ಆ ನಿಯಮ ಮರೆತೇಹೋಗಿತ್ತು. ಹಾಗಾದ್ರೆ 6ನೇ ಸಾಲಲ್ಲಿ ‘ಣ’ ಕೂಡ ಗುರು ಆಗಬೇಕಲ್ಲ? ನಾನು ಲಘು ಹಾಕಿದ್ದೆ. ಗುರು ಹಾಕಿದ್ರೆ ಅದು 24 ಆಗುತ್ತೆ!

ಗಮಕಪ್ರಿಯೆ
6ನೇ ಸಾಲು ಸರಿ ಇದೆ ಅಂದಿರಲ್ಲ, ಅಲ್ಲೇ ಎರಡು ತಪ್ಪಿವೆ. ಒಂದು ತಪ್ಪು ಇನ್ನೊಂದನ್ನ ಮುಚ್ಚಿಹಾಕಿದೆ. ಪದ್ಯವನ್ನ ಬರೆದುಕೊಳ್ಳುವಾಗ ನೀವು ‘ವೀರನಾರಾಯಣ’ ಅಂತ ಬರೆದಿದೀರಿ. ಪುಸ್ತಕ ಮತ್ತೊಮ್ಮೆ ನೋಡಿ, ಅಲ್ಲಿರೋದು ‘ವೀರನಾರಯಣ’. ‘ರ’ಕ್ಕೆ ದೀರ್ಘ ಇಲ್ಲ.

ಕಾವು | ದಾನತ | ಜನವ | ಗದುಗಿನ | ವೀರ | ನಾರಯ | ಣ

3, 4, 3, 4, 3, 4, ಕೊನೆಗೆ ಗುರು. 23.

ಬೆಳದಿಂಗಳು
ಅದು ಅಚ್ಚಿನ ತಪ್ಪಲ್ವಾ? ದೇವರ ಹೆಸರು ನಾರಾಯಣ ತಾನೇ.

ಗಮಕಪ್ರಿಯೆ
ಅಚ್ಚಿನ ತಪ್ಪಲ್ಲ, ಕವಿಯೇ ಛಂದಸ್ಸಿಗಾಗಿ ಹ್ರಸ್ವ ಮಾಡಿಕೊಂಡಿದ್ದು. ಸಂಧಿಗಳ ಕೊನೆಯಲ್ಲಿ ಅಂಕಿತ ಬಂದಲ್ಲೆಲ್ಲ ವೀರನಾರಯಣ ಅಂತಲೇ ಹಾಡ್ತೇವೆ. ದೀರ್ಘ ಮಾಡಿ ಹಾಡಿದ್ರೆ ಆ ಜಾಗದಲ್ಲಿ ನಡಿಗೆ ಮುಗ್ಗರಿಸುತ್ತೆ.

ಲೆಕ್ಕಾಚಾರ
ಒಂದ್ನಿಮಿಷ. ದೀರ್ಘ ಇಟ್ಟುಕೊಂಡೇ ‘ವೀರ | ನಾರಾ | ಯಣ’ ಅಂತ ಮುರಿದ್ರೂ 3, 4, 2 ಬರುತ್ತಲ್ಲ. ಮೊತ್ತ 23, ಗಣವೂ ಸರಿ. ತಪ್ಪು ಅಂತ ಹೇಗೆ ಹೇಳ್ತೀರಿ?

ಕಂದಪದ್ಯ
ಒಳ್ಳೆ ಪ್ರಶ್ನೆ. ಲಕ್ಷಣದಲ್ಲಿ ‘ಕೊನೆಗೆ ಎರಡು ಮಾತ್ರೆ’ ಅಂತ ಇಲ್ಲ, ‘ಕೊನೆಗೆ ಒಂದು ಗುರು’ ಅಂತ ಇದೆ. ‘ಯಣ’ ಅಂದರೆ ಎರಡು ಲಘು. ಅಂಕಿ ಕೂಡಿತು, ಲಕ್ಷಣ ಕೂಡಲಿಲ್ಲ. 3ನೇ ಸಾಲು ‘ದಾತಾ | ರ’ ಅಂತ ಒಂಟಿ ಅಕ್ಷರದಲ್ಲಿ ನಿಲ್ಲುತ್ತೆ, 6ನೇ ಸಾಲೂ ‘ನಾರಯ | ಣ’ ಅಂತ ಒಂಟಿ ಅಕ್ಷರದಲ್ಲೇ ನಿಲ್ಲಬೇಕು. ಎರಡೂ ಉದ್ದ ಸಾಲು ಒಂದೇ ರೀತಿ ಮುಗಿದರೇ ಷಟ್ಪದಿ.

ಹಳಗನ್ನಡ ಪ್ರೇಮಿ
ಪದ್ಯವನ್ನು ಉತ್ತರಪತ್ರಿಕೆಗೆ ಇಳಿಸಿಕೊಳ್ಳುವಾಗ ಕಾಗುಣಿತ ತಿದ್ದುವ ಚಟ ಬಹಳ ಮಕ್ಕಳಿಗಿದೆ. ಇದೇ ಪದ್ಯದ 2ನೇ ಸಾಲು ನೋಡಿ, ‘ಜಗಕತಿ’. ಅದು ಜಗಕೆ + ಅತಿ, ಲೋಪಸಂಧಿ. ಯಾರಾದರೂ ಇವತ್ತಿನ ಕನ್ನಡದ ‘ಜಗಕ್ಕೆ’ಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ಜಗಕ್ಕತಿ’ ಎಂದು ಬರೆದರೆ ‘ಗ’ ಗುರುವಾಗಿ 4ರ ಗಣ 5 ಆಗುತ್ತದೆ. ಒಂದು ಒತ್ತು ಹೆಚ್ಚಾದರೂ ಇಡೀ ಸಾಲು ಕೆಡುತ್ತದೆ. ಆದ್ದರಿಂದ ಪ್ರಸ್ತಾರ ಹಾಕುವ ಮೊದಲು ಪ್ರಶ್ನೆಪತ್ರಿಕೆಯ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿಕೊಳ್ಳಿ.

ಹತ್ತನೇ ಕ್ಲಾಸು
ಅರ್ಥ ಆಯ್ತು, ಥ್ಯಾಂಕ್ಸ್. 4ನೇ ಸಾಲು?

ಕಡಲತಡಿ
‘ಮಥನ ಶ್ರವಣ’ದಲ್ಲಿ ‘ಶ್ರ’ ಒತ್ತಕ್ಷರ, ಅದರ ಹಿಂದಿನ ‘ನ’ ಗುರು ಎಂದು ಹಾಕಿದ್ದೀರಿ. ಹಾಗಾಗಿ ಒಂದು ಮಾತ್ರೆ ಹೆಚ್ಚಾಯಿತು. ಅಲ್ಲಿ ‘ನ’ ಲಘುವೇ.

ರಾವ | ಣಾಸುರ | ಮಥನ | ಶ್ರವಣಸು

3, 4, 3, 4. ಇದಕ್ಕೆ ಶಿಥಿಲದ್ವಿತ್ವ ಎನ್ನುತ್ತಾರೆ.

ಹಳಗನ್ನಡ ಪ್ರೇಮಿ
ಶಿಥಿಲದ್ವಿತ್ವ ಎಂಬ ಹೆಸರು ಇಲ್ಲಿಗೆ ಸರಿಯಾಗಿ ಹೊಂದದು. ಹಳಗನ್ನಡ ವ್ಯಾಕರಣಕಾರ ಕೇಶಿರಾಜ ಶಿಥಿಲವನ್ನು ಹೇಳುವುದು ಕನ್ನಡ ಪದದ ಒಳಗೇ ಬರುವ ರ್, ಲ್, ಳ್ ಮೊದಲಾದವುಗಳ ಒತ್ತಿಗೆ. ‘ಅಮರ್ದು’, ‘ಬೆಮರ್ದು’ ಎನ್ನುವಾಗ ರ್ ತೇಲಿ ‘ಮ’ ಲಘುವಾಗಿ ಉಳಿಯುತ್ತದಲ್ಲ, ಅದು. ಇಲ್ಲಿರುವುದು ಎರಡು ಬೇರೆ ಪದ. ‘ಮಥನ’ ಮುಗಿದು ‘ಶ್ರವಣ’ ಶುರುವಾಗುತ್ತದೆ. ಮುಂದಿನ ಪದದ ಮೊದಲ ಒತ್ತಕ್ಷರವನ್ನು ತೇಲಿಸಿ ಓದಿದರೆ ಅದರ ಭಾರ ಹಿಂದಿನ ಪದದ ಮೇಲೆ ಬೀಳುವುದಿಲ್ಲ. ಕನ್ನಡ ಕವಿಗಳು ಈ ಸಡಿಲಿಕೆಯನ್ನು ಬೇಕಾದಲ್ಲಿ ಬಳಸಿದ್ದಾರೆ, ಬೇಡವಾದಲ್ಲಿ ಗುರುವಾಗಿಯೂ ಹಿಡಿದಿದ್ದಾರೆ.

ಕಡಲತಡಿ
ಒಪ್ಪಿದೆ, ಹೆಸರು ನನ್ನದು ತಪ್ಪಾಯಿತು. ಆದರೆ ಪರೀಕ್ಷೆಯಲ್ಲಿ ಮಗು ಏನು ಬರೆಯಬೇಕು? ‘ಕವಿ ಬೇಕಾದಲ್ಲಿ ಬಳಸಿದ್ದಾನೆ’ ಎಂದು ಬರೆಯಲಾಗುವುದಿಲ್ಲವಲ್ಲ.

ಹಳಗನ್ನಡ ಪ್ರೇಮಿ
‘ಶ್ರ ಎಂಬುದನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘು’ ಎಂದು ಪಕ್ಕದಲ್ಲಿ ಒಂದು ಸಾಲು ಬರೆದರೆ ಸಾಕು.

ಲೆಕ್ಕಾಚಾರ
ಹಾಗಾದ್ರೆ ಲೆಕ್ಕ ಕೂಡದೇ ಇದ್ದಾಗೆಲ್ಲ ಒಂದು ಒತ್ತಕ್ಷರ ಹಿಡಿದು ‘ತೇಲಿಸಿದೆ’ ಅಂದ್ಬಿಟ್ರೆ ಆಯ್ತಾ? ಇದು ನಿಯಮವೇ ಅಲ್ಲ.

ಗಮಕಪ್ರಿಯೆ
ಆಗಲ್ಲ. ಪದದ ಒಳಗಿನ ಒತ್ತನ್ನ ಹಾಗೆ ತೇಲಿಸೋಕೆ ಬರಲ್ಲ. 3ನೇ ಸಾಲಿನ ‘ಸಜ್ಜನ’ ತಗೊಳ್ಳಿ, ‘ಜ್ಜ’ ಅನ್ನೋವಾಗ ನಾಲಿಗೆ ‘ಸ’ದ ಮೇಲೆ ನಿಂತೇ ಮುಂದೆ ಹೋಗುತ್ತೆ, ಎಷ್ಟು ಪ್ರಯತ್ನಪಟ್ಟರೂ ಲಘು ಆಗಲ್ಲ. ‘ಮಥನ’ ಅಂದು ಕಣ್ಣರೆಪ್ಪೆ ಬಡಿಯುವಷ್ಟು ಬಿಟ್ಟು ‘ಶ್ರವಣ’ ಅನ್ನಿ. ‘ನ’ದ ಮೇಲೆ ಏನೂ ಬೀಳಲ್ಲ. ಬಾಯಿಬಿಟ್ಟು ಓದದೆ ಬರೀ ಕಣ್ಣಲ್ಲಿ ಪ್ರಸ್ತಾರ ಹಾಕಿದ್ರೆ ಈ ವ್ಯತ್ಯಾಸ ಯಾವತ್ತೂ ಗೊತ್ತಾಗಲ್ಲ. ಅದಕ್ಕೇ ಮೊದಲು ಎರಡು ಸಲ ಗಟ್ಟಿಯಾಗಿ ಓದಿ, ತೊಡೆ ತಟ್ಟಿಕೊಂಡು. ತಕಿಟ ತಕಧಿಮಿ, ತಕಿಟ ತಕಧಿಮಿ ಅಂತ ಕೇಳಿಸಿದ್ರೆ ಭಾಮಿನಿ. ಆಮೇಲೆ ಪೆನ್ನು ಹಿಡೀರಿ.

ಗದಗಿನಾವ್ರು
ಪರೀಕ್ಷಾ ಹಾಲ್‌ನ್ಯಾಗ ತೊಡಿ ತಟ್ಟಿದ್ರ ಹೊರಗ ಕಳಸ್ತಾರ್ರೀ. ಮನಸ್ಸಿನ್ಯಾಗ ಓದ್ಕೊಂಡ್ರೂ ನಡೀತದ, ಆದ್ರ ಮನ್ಯಾಗ ಗಟ್ಟಿಯಾಗಿ ಓದಿ ರೂಢಿ ಮಾಡ್ಕೊಂಡಿರಬೇಕು.

ಕಂದಪದ್ಯ
ಗುರು ಲಘು ಹಾಕುವಾಗ ಮಕ್ಕಳು ಎಡವುವ ಜಾಗಗಳು ಕೆಲವೇ, ಸುತ್ತಿ ಸುತ್ತಿ ಅವೇ ಬರುತ್ತವೆ.

ಒತ್ತಕ್ಷರದ ಹಿಂದಿನ ಅಕ್ಷರ ಗುರು, ಒತ್ತಕ್ಷರ ತಾನೇ ಗುರು ಅಲ್ಲ. ‘ಪ್ರಭು’ ಅಂದರೆ ‘ಪ್ರ’ 1, ‘ಭು’ 1.

‘ಕೃ’ ಒತ್ತಕ್ಷರ ಅಲ್ಲ, ಅದು ಕ್ + ಋ, ಗುಣಿತಾಕ್ಷರ. ‘ಪ್ರಕೃತಿ’ ಮೂರೇ ಮಾತ್ರೆ. ಕೆಳಗೆ ವಟ್ರಸುಳಿ ಕಂಡ ಕೂಡಲೇ ‘ಪ್ರ’ಕ್ಕೆ ಗುರು ಹಾಕಿ ನಾಲ್ಕು ಮಾಡ್ತಾರೆ.

ಅರ್ಕಾವೊತ್ತು ಬರೆಯೋದು ಬಲಗಡೆ, ಉಚ್ಚಾರ ಆಗೋದು ಮೊದಲು. ‘ಧರ್ಮ’ದಲ್ಲಿ ರ್ ಮೊದಲು ಬಂದು ‘ಧ’ ಗುರು ಆಗುತ್ತೆ, ‘ಮ’ ಲಘು. ಚಿಹ್ನೆ ‘ಮ’ದ ಪಕ್ಕ ಕಾಣುತ್ತೆ ಅಂತ ‘ಮ’ಕ್ಕೆ ಗುರು ಹಾಕೋದು ತಪ್ಪು.

ಎ, ಒ ಹ್ರಸ್ವ. ಹಿಂದಿ, ಸಂಸ್ಕೃತ ಓದಿದ ಮಕ್ಕಳು ಅಲ್ಲಿನ ಅಭ್ಯಾಸದಲ್ಲಿ ಇವನ್ನ ದೀರ್ಘ ಮಾಡಿಬಿಡ್ತಾರೆ. ಐ, ಔ ಮಾತ್ರ ಯಾವಾಗಲೂ ಗುರು.

‘ಬರಲ್’, ‘ಅವರ್’ ಥರ ವ್ಯಂಜನದಲ್ಲಿ ಮುಗಿದರೆ ಆ ವ್ಯಂಜನಕ್ಕೆ ಪ್ರತ್ಯೇಕ ಮಾತ್ರೆ ಇಲ್ಲ, ಹಿಂದಿನ ಅಕ್ಷರದ ಜೊತೆ ಸೇರಿ ಒಂದು ಗುರು. ಅನುಸ್ವಾರ, ವಿಸರ್ಗಕ್ಕೂ ಇದೇ ಕಥೆ.

ಬೆಳದಿಂಗಳು
ಆರು ಷಟ್ಪದಿಗಳ ಮಾತ್ರೆ ನೆನಪಿಟ್ಟುಕೊಳ್ಳೋಕೆ ಏನಾದ್ರೂ ಉಪಾಯ ಇದ್ಯಾ? ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಅಂತ ಹೆಸರು ನೆನಪಿರುತ್ತೆ, ಅಂಕಿ ಕಲಸಿಹೋಗುತ್ತೆ.

ಲೆಕ್ಕಾಚಾರ
ಚಿಕ್ಕ ಸಾಲಿನ ಅಂಕಿ ಮಾತ್ರ ನೆನಪಿಟ್ಟುಕೊಳ್ಳಿ: 8, 10, 12, 14, 16, 20. ನೀವು ಹೇಳಿದ ಕ್ರಮದಲ್ಲೇ ಇವೆ. ಉದ್ದ ಸಾಲು ಅಂದ್ರೆ ಚಿಕ್ಕ ಸಾಲಿನ ಒಂದೂವರೆ ಪಟ್ಟು, ಮೇಲೊಂದು ಗುರು. ಭಾಮಿನಿ: 14ರ ಒಂದೂವರೆ 21, ಗುರು ಸೇರಿ 23. ವಾರ್ಧಕ: 20ರ ಒಂದೂವರೆ 30, ಗುರು ಸೇರಿ 32. ಶರಕ್ಕೆ 14, ಕುಸುಮಕ್ಕೆ 17, ಭೋಗಕ್ಕೆ 20, ಪರಿವರ್ಧಿನಿಗೆ 26. ಆರಕ್ಕೂ ಹೊಂದುತ್ತೆ. ಇಡೀ ಪದ್ಯ ಕೂಡಿದ್ರೆ ಭಾಮಿನಿ 102, ವಾರ್ಧಕ 144.

ಕಂದಪದ್ಯ
ಒಂದೂವರೆ ಪಟ್ಟು ಯಾಕೆ ಬರುತ್ತೆ ಅಂದರೆ ಗಣಗಳೇ ಒಂದೂವರೆ ಪಟ್ಟು. ಭಾಮಿನಿಯ ಚಿಕ್ಕ ಸಾಲಲ್ಲಿ 4 ಗಣ, ಉದ್ದ ಸಾಲಲ್ಲಿ 6 ಗಣ. ಶರ, ಕುಸುಮಗಳಲ್ಲಿ 2 ಗಣ ಇದ್ದಲ್ಲಿ ಉದ್ದಕ್ಕೆ 3. ಗಣದ ಅಳತೆ ಶರ 4, ಕುಸುಮ 5, ಭೋಗ 3, ಭಾಮಿನಿ 3-4, ಪರಿವರ್ಧಿನಿ 4, ವಾರ್ಧಕ 5. ಮೊತ್ತ ಬರೆದು ಗಣ ಮುರಿಯದೆ ಬಿಟ್ಟರೆ ಅರ್ಧ ಉತ್ತರ ಅಷ್ಟೇ.

ಗದಗಿನಾವ್ರು
ಪ್ರಶ್ನೆ ಪತ್ರಿಕೆಯೊಳಗ ಒಂದೋ ಎರಡೋ ಸಾಲು ಕೊಟ್ಟಿರ್ತಾರ. 20 ಮಾತ್ರಿ ಬಂದ್ರ ವಾರ್ಧಕದ ಚಿಕ್ಕ ಸಾಲೋ, ಭೋಗದ ಉದ್ದ ಸಾಲೋ, ಲಲಿತ ರಗಳೆಯೋ, ಹೆಂಗ್ ಹೇಳೋದು?

ಕಂದಪದ್ಯ
ಇಲ್ಲೇ ಗಣ ಕೈಹಿಡಿಯೋದು. 5-5-5-5 ಅಂತ ಮುರಿದರೆ ವಾರ್ಧಕ ಅಥವಾ ಲಲಿತ. 3-3-3-3-3-3 ಆಗಿ ಕೊನೆಗೆ ಗುರು ಉಳಿದರೆ ಭೋಗ. ವಾರ್ಧಕ, ಲಲಿತ ಎರಡರ ನಡುವೆ ಗೊಂದಲ ಆದರೆ ಸಾಲುಗಳ ಸಂಖ್ಯೆ ನೋಡಿ. ಎರಡು ಸಮ ಸಾಲು ಆದಮೇಲೆ ಮೂರನೆಯದು ಉದ್ದ ಬಂತಾ? ಷಟ್ಪದಿ. ಎಲ್ಲ ಸಾಲೂ ಒಂದೇ ಅಳತೆ, ಎರಡೆರಡು ಸಾಲಿಗೆ ಕೊನೆಯ ಪ್ರಾಸ ಇದೆಯಾ? ರಗಳೆ. ಉತ್ಸಾಹ 12, ಮಂದಾನಿಲ 16, ಲಲಿತ 20. ಈ ಮೂರೂ ಭೋಗ, ಪರಿವರ್ಧಿನಿ, ವಾರ್ಧಕಗಳ ಚಿಕ್ಕ ಸಾಲಿನ ಅಳತೆಯೇ.

ಹತ್ತನೇ ಕ್ಲಾಸು
ಕಂದಪದ್ಯ ಅಂತ ಹೆಸರಿಟ್ಟುಕೊಂಡಿದೀರಲ್ಲ, ಕಂದಕ್ಕೂ ಒಂದು ದಾರಿ ಹೇಳಿ. ನಾಲ್ಕು ಸಾಲಿಗೆ 12-20-12-20 ಮಾತ್ರೆ, ಅಷ್ಟು ಗೊತ್ತು.

ಕಂದಪದ್ಯ
ನಿಮಗೆ ಬಾಯಿಪಾಠ ಇರೋ ಪದ್ಯವನ್ನೇ ತಗೊಳ್ಳಿ. ಅಕ್ಷರಗಣದ (ಮೂರು ಮೂರು ಅಕ್ಷರದ ಗುಂಪಿನ) ಸೂತ್ರ:

ಗುರುಲಘು | ಮೂರಿರೆ | ಮನಗಣ
ಗುರುಲಘು | ಮೊದಲ | ಲ್ಲಿ ಬರಲು | ಭಯಗಣ | ಮೆಂಬರ್
ಗುರುಲಘು | ನಡುವಿರೆ | ಜರಗಣ
ಗುರುಲಘು | ಕಡೆಯ | ಲ್ಲಿ ಬರಲು | ಸತಗಣ | ಮಕ್ಕುಂ

ಅಕ್ಷರಗಣದ ಪದ್ಯವಾದ ವೃತ್ತಕ್ಕೆ ಸೂತ್ರ ಹೇಳೋ ಈ ಪದ್ಯ ತಾನೇ ಕಂದ. ಎಲ್ಲ ಗಣವೂ 4 ಮಾತ್ರೆ, 3-5-3-5, ಒಟ್ಟು 16 ಗಣ, 64 ಮಾತ್ರೆ. ‘ಮೊದಲಲ್ಲಿ’ ಅನ್ನೋ ಪದ ನಡುವೆ ಮುರಿದು ‘ಮೊದಲ’ದಲ್ಲಿ ಗಣ ಮುಗಿಯುತ್ತೆ, ‘ಲ್ಲಿ’ ಮುಂದಿನ ಗಣಕ್ಕೆ ಹೋಗುತ್ತೆ. ‘ಲ್ಲ’ ಒತ್ತಿನಿಂದ ಹಿಂದಿನ ‘ಲ’ 2 ಆಯ್ತು, ಅದಕ್ಕೇ 1+1+2.

ಇನ್ನೂ ಎರಡು ನಿಯಮ ಇವೆ. ಮೊದಲೆರಡು ಸಾಲು ಸೇರಿ 8 ಗಣ. ಅದರಲ್ಲಿ 6ನೇ ಗಣ ಜಗಣ (ಲಘು-ಗುರು-ಲಘು) ಆಗಿರಬೇಕು, ಇಲ್ಲವೇ ನಾಲ್ಕೂ ಲಘು ಇರಬೇಕು. ಇಲ್ಲಿ ‘ಲ್ಲಿ ಬರಲು’, ನಾಲ್ಕೂ ಲಘು. ಕೊನೆಯ ಎರಡು ಸಾಲಲ್ಲೂ ಅದೇ ಜಾಗದಲ್ಲಿ ಮತ್ತೆ ‘ಲ್ಲಿ ಬರಲು’. ಹಾಗೆಯೇ 1, 3, 5, 7ನೇ ಗಣಗಳಲ್ಲಿ ಜಗಣ ಬರಕೂಡದು.

ಬೆಳದಿಂಗಳು
ಅಯ್ಯೋ, ಎಷ್ಟು ಸಲ ಬಾಯಿಪಾಠ ಒಪ್ಪಿಸಿದ ಪದ್ಯ! ಅದೇ ಕಂದ ಅಂತ ಇವತ್ತು ಗೊತ್ತಾಯ್ತು.

ಕಡಲತಡಿ
ವೃತ್ತಗಳ ಸೂತ್ರವೂ ಹಾಗೆಯೇ. ‘ಉತ್ಪಲಮಾಲೆಯಪ್ಪುದು ಭರಂ ನಭಭಂ ರಲಗಂ ನೆಗಳ್ದಿರಲ್’ ಎಂಬ ಸಾಲು ಸ್ವತಃ ಉತ್ಪಲಮಾಲೆಯ ಒಂದು ಪಾದ. ‘ನಜಭಜಜಂಜರಂ ಬಗೆಗೊಳುತ್ತಿರೆ ಚಂಪಕಮಾಲೆಯೆಂದಪರ್’ ಚಂಪಕಮಾಲೆಯ ಒಂದು ಪಾದ. ಗಣ ಮರೆತರೂ ಈ ಸಾಲು ನೆನಪಿದ್ದರೆ ಅದಕ್ಕೇ ಪ್ರಸ್ತಾರ ಹಾಕಿ ಗಣ ಮರಳಿ ಪಡೆಯಬಹುದು.

ಲೆಕ್ಕಾಚಾರ
ಆರು ಖ್ಯಾತ ಕರ್ನಾಟಕ ವೃತ್ತಗಳು ಮೂರು ಜೋಡಿ. ಉತ್ಪಲಮಾಲೆಯ (20 ಅಕ್ಷರ) ಮೊದಲ ಗುರುವನ್ನ ಒಡೆದು ಎರಡು ಲಘು ಮಾಡಿದ್ರೆ ಚಂಪಕಮಾಲೆ (21). ಶಾರ್ದೂಲವಿಕ್ರೀಡಿತದ (19) ಮೊದಲ ಗುರು ಒಡೆದ್ರೆ ಮತ್ತೇಭವಿಕ್ರೀಡಿತ (20). ಸ್ರಗ್ಧರೆಯದ್ದು (21) ಒಡೆದ್ರೆ ಮಹಾಸ್ರಗ್ಧರೆ (22). ಉಳಿದದ್ದು ಒಂದಕ್ಷರವೂ ಬದಲಾಗಲ್ಲ. ಗಣದ ಹೆಸರು ಮಾತ್ರ ಪೂರ್ತಿ ಬದಲಾಗುತ್ತೆ, ಯಾಕಂದ್ರೆ ಮೂರು ಮೂರು ಅಕ್ಷರ ಕಟ್ ಮಾಡೋ ಜಾಗ ಒಂದು ಅಕ್ಷರ ಸರಿಯುತ್ತೆ.

ಹಳಗನ್ನಡ ಪ್ರೇಮಿ
ಗುರುತಿಸಲು ಮೊದಲ ಐದು ಅಕ್ಷರ ಸಾಕು. ಒಂದು ಗುರು, ಕೂಡಲೇ ಲಘು: ಉತ್ಪಲಮಾಲೆ. ಮೂರು ಗುರು, ಆಮೇಲೆ ಲಘು: ಶಾರ್ದೂಲ. ನಾಲ್ಕು ಗುರು: ಸ್ರಗ್ಧರೆ. ಎರಡು ಲಘು ಎರಡು ಗುರು: ಮತ್ತೇಭ. ಎರಡು ಲಘು ಮೂರು ಗುರು: ಮಹಾಸ್ರಗ್ಧರೆ. ನಾಲ್ಕು ಲಘು: ಚಂಪಕ. ಆದರೆ ಹೆಸರು ಗೊತ್ತಾಯಿತೆಂದು ಪ್ರಸ್ತಾರವನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಕೊನೆಯವರೆಗೆ ಗಣ ಹಾಕಿ ಅಕ್ಷರಸಂಖ್ಯೆ ಕೂಡಿತೇ ಎಂದು ನೋಡಿಯೇ ಹೆಸರು ಬರೆಯಿರಿ.

ಗದಗಿನಾವ್ರು
ಸರ್ವಜ್ಞನ ತ್ರಿಪದಿಗೆ ಮಾತ್ರಿ ಎಣಿಸಿದ್ರ ಒಂದೊಂದು ಪದ್ಯಕ್ಕ ಒಂದೊಂದು ಮೊತ್ತ ಬರ್ತದ. ಅದ್ಯಾಕ?

ಹಳಗನ್ನಡ ಪ್ರೇಮಿ
ತ್ರಿಪದಿ ಅಂಶಗಣದ ಪದ್ಯ, ಅದನ್ನು ಮಾತ್ರೆಯಿಂದ ಅಳೆಯುವಂತಿಲ್ಲ. ಒಟ್ಟು 11 ಗಣ, 6ನೆಯದೂ 10ನೆಯದೂ ಬ್ರಹ್ಮಗಣ (2 ಅಂಶ), ಉಳಿದವು ವಿಷ್ಣುಗಣ (3 ಅಂಶ). ಅಂಶಗಣದಲ್ಲಿ ಒಂದೇ ಗಣ ಹಾಡಿನಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡಿದ ಮಟ್ಟು ಅದು.

ಇಂಗ್ಲಿಷ್ ಮೀಡಿಯಂ
ಇಷ್ಟೆಲ್ಲ ಲೆಕ್ಕ ಹಾಕಿ ಕವಿತೆಯ ಸ್ವಾರಸ್ಯ ಏನು ಸಿಕ್ಕಿದ ಹಾಗಾಯ್ತು? ಭಾವ ಮುಖ್ಯ ಅಲ್ವಾ. ಮಕ್ಕಳು ಪದ್ಯದ ಅರ್ಥ ಬಿಟ್ಟು ಒಂದು ಎರಡು ಎಣಿಸ್ತಾ ಕೂತಿರ್ತಾರೆ.

ಗಮಕಪ್ರಿಯೆ
ಅರ್ಥ ಬಿಟ್ಟು ಎಣಿಸಿದ್ರೆ ಅದು ತಪ್ಪೇ. ಆದರೆ ಈ ಪದ್ಯದ ಮೊದಲ ಸಾಲು ನೋಡಿ, ‘ವಿಮಲ ರಾ’ ಅಂತ ನಿಲ್ಲುತ್ತೆ. ‘ರಾ’ ಅಂದರೆ ಏನು? ಏನೂ ಅಲ್ಲ. ಮುಂದಿನ ಸಾಲಿನ ‘ಜೀವ’ ಸೇರಿದಾಗ ‘ರಾಜೀವ’, ಕಮಲ. ರಾಜೀವಪೀಠ ಅಂದರೆ ಬ್ರಹ್ಮ, ಅವನ ಪಿತ ವಿಷ್ಣು. 4ನೇ ಸಾಲಲ್ಲೂ ‘ಸು’ ಅಂತ ನಿಂತು ಮುಂದಿನ ಸಾಲಲ್ಲಿ ‘ಧಾ’ ಬಂದು ‘ಸುಧಾ’ ಆಗುತ್ತೆ. ಸಾಲು ಮುಗಿದರೂ ಮಾತು ಮುಗಿಯಲ್ಲ, ಉಸಿರು ಮುಂದಕ್ಕೆ ಎಳೆದುಕೊಂಡು ಹೋಗುತ್ತೆ. ಪ್ರಸ್ತಾರ ಹಾಕಿದವರಿಗೆ ಸಾಲು ಯಾಕೆ ಅಲ್ಲೇ ಮುರಿದಿದೆ ಅಂತ ಗೊತ್ತಿರುತ್ತೆ. ಗೊತ್ತಿಲ್ಲದವರು ‘ರಾ ಜೀವ’ ಅಂತ ಎರಡು ಪದ ಮಾಡಿ ‘ಜೀವಪೀಠ’ಕ್ಕೆ ಅರ್ಥ ಹುಡುಕ್ತಾರೆ.

ಕಡಲತಡಿ
ಆದಿಪ್ರಾಸವನ್ನೂ ನೋಡಿ. ಆರೂ ಸಾಲಿನ ಎರಡನೇ ಅಕ್ಷರ ವ: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಸ್ವರ ಬದಲಾಗಬಹುದು, ವ್ಯಂಜನ ಬದಲಾಗುವಂತಿಲ್ಲ. ಹಿಂದಿನ ಅಕ್ಷರ ಎಲ್ಲೆಡೆ ದೀರ್ಘ, ಆದ್ದರಿಂದ ಗಜಪ್ರಾಸ. ಹಿಂದಿನದು ಹ್ರಸ್ವವಾದರೆ ಸಿಂಹ, ಅನುಸ್ವಾರ ಬಂದರೆ ವೃಷಭ, ವಿಸರ್ಗ ಬಂದರೆ ಅಜ. ಪ್ರಾಸಾಕ್ಷರ ಸಜಾತೀಯ ಒತ್ತಾದರೆ ಹಯ, ವಿಜಾತೀಯ ಒತ್ತಾದರೆ ಶರಭ. ಷಟ್ಪದಿಯನ್ನು ಸಾಲು ಮುರಿಯದೆ ಉದ್ದಕ್ಕೆ ಕೊಟ್ಟಿದ್ದರೆ ಹೊಸ ಸಾಲು ಎಲ್ಲಿ ಶುರುವಾಗುತ್ತದೆಂದು ಪತ್ತೆಹಚ್ಚಲು ಈ ಪ್ರಾಸವೇ ದಾರಿ.

ಬೆಳದಿಂಗಳು
ಈಗಿನ ಕವಿತೆಗಳಲ್ಲಿ ಈ ಎರಡನೇ ಅಕ್ಷರದ ಪ್ರಾಸ ಯಾಕಿಲ್ಲ?

ಕಡಲತಡಿ
ಹೊಸಗನ್ನಡದಲ್ಲಿ ಅದನ್ನು ಹಟತೊಟ್ಟು ಬಿಟ್ಟವರು ಮಂಜೇಶ್ವರದ ಗೋವಿಂದ ಪೈಗಳು. ಆ ಕಾಲಕ್ಕೆ ದೊಡ್ಡ ಜಗಳವೇ ಆಯಿತು. ಅದನ್ನು ಮಾತಾಡಲು ಬೇರೆಯೇ ಎಳೆ ಬೇಕು.

ಹತ್ತನೇ ಕ್ಲಾಸು
ನನ್ನ ಎರಡನೇ ಪ್ರಶ್ನೆ ಹಾಗೇ ಉಳೀತು. ಉಪಮೆ, ಉತ್ಪ್ರೇಕ್ಷೆ.

ಕೆರೆಯಂಗಳ
ಒಂದು ಕೆರೆ ಇಟ್ಟುಕೊಂಡು ಎಲ್ಲ ಅಲಂಕಾರ ನೋಡೋಣ.

‘ಕೆರೆ ಆಕಾಶದಂತೆ ನೀಲಿಯಾಗಿತ್ತು.’ ಉಪಮೇಯ ಕೆರೆ, ಉಪಮಾನ ಆಕಾಶ, ಉಪಮಾವಾಚಕ ಅಂತೆ, ಸಮಾನಧರ್ಮ ನೀಲಿ. ನಾಲ್ಕೂ ಇವೆ, ಪೂರ್ಣೋಪಮೆ.

‘ಕೆರೆ ಆಕಾಶದಂತಿತ್ತು.’ ಯಾವುದರಲ್ಲಿ ಅಂತ ಹೇಳಿಲ್ಲ. ಸಮಾನಧರ್ಮ ಲೋಪ, ಲುಪ್ತೋಪಮೆ.

‘ಕೆರೆಯೆಂಬ ಆಕಾಶದಲ್ಲಿ ಬಾತುಗಳೆಂಬ ಮೋಡಗಳು ತೇಲಿದವು.’ ಇಲ್ಲಿ ಹೋಲಿಕೆ ಇಲ್ಲ, ಎರಡೂ ಒಂದೇ ಅಂತ ಹೇಳಿದೆ. ರೂಪಕ.

‘ಕೆರೆ ತುಂಬಿ, ಆಕಾಶವೇ ಊರಿಗೆ ಇಳಿದುಬಂದಿತೋ ಎಂಬಂತೆ ಕಂಡಿತು.’ ಆಕಾಶ ಇಳಿಯೋದು ನಡೆಯದ ಸಂಗತಿ, ಕವಿ ಕಲ್ಪಿಸಿಕೊಂಡಿದ್ದು. ಉತ್ಪ್ರೇಕ್ಷೆ.

‘ಅಂತೆ’ ಕಂಡಾಗ ಅದರ ಹಿಂದೆ ಏನಿದೆ ನೋಡಿ. ನಾಮಪದ ಇದ್ದು (ಆಕಾಶದ + ಅಂತೆ) ಎರಡು ವಸ್ತು ಹೋಲಿಸಿದ್ದರೆ ಉಪಮೆ. ಒಂದು ಪೂರ್ತಿ ಕ್ರಿಯೆ ಇದ್ದು ‘ಎಂಬಂತೆ’, ‘ಏನೋ ಎಂಬ ಹಾಗೆ’ ಅಂತ ಬಂದು, ಆ ಕ್ರಿಯೆ ನಿಜವಾಗಿ ನಡೆದಿರದಿದ್ದರೆ ಉತ್ಪ್ರೇಕ್ಷೆ. ಬಹುಪಾಲು ಪ್ರಶ್ನೆಗಳಿಗೆ ಇದು ಸಾಕಾಗುತ್ತೆ.

ಇಂಗ್ಲಿಷ್ ಮೀಡಿಯಂ
ಸಿಮಿಲಿ ಉಪಮೆ, ಮೆಟಫರ್ ರೂಪಕ ಅಂತ ಗೊತ್ತು. ಉತ್ಪ್ರೇಕ್ಷೆ ಅಂದ್ರೆ ಹೈಪರ್ಬೊಲಿ ತಾನೇ?

ಕೆರೆಯಂಗಳ
ಅಲ್ಲ, ಇದು ತುಂಬ ಜನ ಮಾಡೋ ತಪ್ಪು. ಆಡುಮಾತಲ್ಲಿ ‘ಉತ್ಪ್ರೇಕ್ಷೆ ಮಾಡಬೇಡ’ ಅಂದರೆ ಜಾಸ್ತಿ ಮಾಡಿ ಹೇಳಬೇಡ ಅಂತ. ಅಲಂಕಾರಶಾಸ್ತ್ರದಲ್ಲಿ ಉತ್ಪ್ರೇಕ್ಷೆ ಅಂದರೆ ಒಂದನ್ನ ಇನ್ನೊಂದಾಗಿ ಸಂಭಾವಿಸೋದು, ಇದ್ದಿರಬಹುದೇನೋ ಅಂತ ಕಲ್ಪಿಸೋದು. ಜಾಸ್ತಿ ಮಾಡಿ ಹೇಳೋದಕ್ಕೆ ಹತ್ತಿರದ ಹೆಸರು ಅತಿಶಯೋಕ್ತಿ.

ಇಂಗ್ಲಿಷ್ ಮೀಡಿಯಂ
ಪರ್ಸಾನಿಫಿಕೇಶನ್?

ಹಳಗನ್ನಡ ಪ್ರೇಮಿ
ಅದಕ್ಕೆ ನೇರ ಹೆಸರು ಹಳೆಯ ಪಟ್ಟಿಯಲ್ಲಿಲ್ಲ. ಈಗ ಮಾನವೀಕರಣ ಎನ್ನುತ್ತಾರೆ. ಸಮಾಸೋಕ್ತಿ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಎರಡೂ ಒಂದೇ ಅಲ್ಲ. ಇಂಗ್ಲಿಷಿನ ಪಟ್ಟಿಗೂ ನಮ್ಮ ಪಟ್ಟಿಗೂ ಒಂದಕ್ಕೊಂದು ಗೆರೆ ಎಳೆಯಲು ಹೋದರೆ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಲೆಕ್ಕಾಚಾರ
ದೃಷ್ಟಾಂತ ಮತ್ತು ಅರ್ಥಾಂತರನ್ಯಾಸಕ್ಕೂ ಅದೇ ಕೆರೆ ಬಳಸಿ ನೋಡೋಣ.

ಕೆರೆಯಂಗಳ
‘ತುಂಬಿದ ಕೆರೆ ಸದ್ದು ಮಾಡದು, ತಿಳಿದವನು ಹೆಚ್ಚು ಆಡನು.’ ಎರಡು ಸ್ವತಂತ್ರ ವಾಕ್ಯ, ವಾಚಕ ಪದ ಇಲ್ಲ, ಒಂದರ ಬಿಂಬ ಇನ್ನೊಂದರಲ್ಲಿ ಕಾಣುತ್ತೆ. ದೃಷ್ಟಾಂತ.

‘ಹನಿ ಹನಿಯಾಗಿ ಬಿದ್ದ ಮಳೆಗೆ ಕೆರೆ ತುಂಬಿತು, ಸಣ್ಣದು ಕೂಡಿದರೆ ದೊಡ್ಡದಾಗುವುದು ಲೋಕದ ರೀತಿ.’ ಮೊದಲನೇದು ಒಂದು ನಿರ್ದಿಷ್ಟ ಸಂಗತಿ, ಎರಡನೇದು ಎಲ್ಲಕ್ಕೂ ಅನ್ವಯಿಸುವ ಮಾತು. ವಿಶೇಷವನ್ನ ಸಾಮಾನ್ಯದಿಂದ ಸಮರ್ಥಿಸಿದೆ, ಅರ್ಥಾಂತರನ್ಯಾಸ. ಎರಡು ವಾಕ್ಯವೂ ಒಂದೇ ಮಟ್ಟದಲ್ಲಿದ್ದರೆ ದೃಷ್ಟಾಂತ, ಒಂದು ಇನ್ನೊಂದಕ್ಕೆ ಕಾರಣ ಕೊಟ್ಟರೆ ಅರ್ಥಾಂತರನ್ಯಾಸ.

ಶ್ಲೇಷೆಯೂ ಬೇಕಾದ್ರೆ: ‘ಗಾಳಿ ಬೀಸಲು ತೆರೆ ಸರಿಯಿತು.’ ತೆರೆ ಅಂದ್ರೆ ಅಲೆ, ಪರದೆ. ಎರಡೂ ಅರ್ಥ ಕೂಡುತ್ತೆ.

ಕಡಲತಡಿ
ಹಾಗಾದರೆ ಮೇಲಿನ ಪದ್ಯದ ‘ಶ್ರವಣಸುಧಾ ವಿನೂತನ ಕಥನ’ ಯಾವ ಅಲಂಕಾರ? ಕಥೆಯೇ ಕಿವಿಗೆ ಅಮೃತ ಎಂದಿದೆ. ವಾಚಕ ಪದವಿಲ್ಲ. ರೂಪಕ ಎಂದು ನನ್ನ ಎಣಿಕೆ.

ಬೆಳದಿಂಗಳು
ವಾಚಕ ಇಲ್ಲದಿದ್ದರೆ ವಾಚಕಲುಪ್ತ ಉಪಮೆಯೂ ಆಗಬಹುದಲ್ವಾ? ಸುಧೆಯಂಥ ಕಥನ ಅಂತ.

ಹಳಗನ್ನಡ ಪ್ರೇಮಿ
ಸಮಾಸ ಬಂದಾಗ ಈ ಅನುಮಾನ ಸಹಜ. ಹಳಬರು ಒಂದು ಪರೀಕ್ಷೆ ಹೇಳಿದ್ದಾರೆ: ವಾಕ್ಯದ ಉಳಿದ ಮಾತು ಉಪಮೇಯಕ್ಕೆ ಒಪ್ಪುತ್ತದೆಯೋ ಉಪಮಾನಕ್ಕೋ ಎಂದು ನೋಡಬೇಕು. ‘ಮುಖಕಮಲ ಅರಳಿತು’ ಎಂದರೆ ಅರಳುವುದು ಕಮಲದ ಕೆಲಸ, ಕಮಲವೇ ಮುಂದೆ ನಿಂತಿದೆ, ರೂಪಕ. ‘ಮುಖಕಮಲ ನಕ್ಕಿತು’ ಎಂದರೆ ನಗುವುದು ಮುಖ, ಕಮಲದಂಥ ಮುಖ ಎಂದಾಗಿ ಉಪಮೆ. ಈಗ ‘ಶ್ರವಣಸುಧಾ’ ನೋಡಿ. ಸುಧೆಯನ್ನು ಸವಿಯುವುದು ನಾಲಿಗೆ, ಇಲ್ಲಿ ಆ ಜಾಗಕ್ಕೆ ಕಿವಿ ಬಂದಿದೆ. ಕಥೆಯನ್ನು ಸುಧೆಯೇ ಎಂದು ಒಪ್ಪಿಕೊಂಡರೆ ಮಾತ್ರ ಕಿವಿ ಅದನ್ನು ಕುಡಿಯಬಹುದು. ರೂಪಕ ಎಂಬುದೇ ನನಗೂ ಸರಿ.

ಗದಗಿನಾವ್ರು
ಕುಮಾರವ್ಯಾಸಗ ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂತ ಸುಮ್ನ ಕರೆದಿಲ್ಲ ಮತ್ತ. ಮೊದಲ ಪದ್ಯದಾಗ ಶುರು ಹಚ್ಚ್ಯಾನ.

ಹತ್ತನೇ ಕ್ಲಾಸು
ಉತ್ತರದಲ್ಲಿ ಅಲಂಕಾರದ ಹೆಸರು ಬರೆದು ಉಪಮೇಯ, ಉಪಮಾನ ಬರೆದರೆ ಸಾಕಾ?

ಕೆರೆಯಂಗಳ
ಸಮನ್ವಯ ಬಿಡಬೇಡಿ. ‘ಇಲ್ಲಿ ಉಪಮೇಯವಾದ ಕೆರೆಯನ್ನು ಉಪಮಾನವಾದ ಆಕಾಶಕ್ಕೆ ನೀಲಿ ಎಂಬ ಸಮಾನಧರ್ಮದಿಂದ ಹೋಲಿಸಿರುವುದರಿಂದ ಇದು ಪೂರ್ಣೋಪಮಾಲಂಕಾರ’ ಅಂತ ಆ ಪದ್ಯದ್ದೇ ಪದ ಹಾಕಿ ಬರೀಬೇಕು. ಲಕ್ಷಣ ಬಾಯಿಪಾಠದಿಂದ ಬರುತ್ತೆ, ಸಮನ್ವಯ ಪದ್ಯ ಅರ್ಥ ಆದವರಿಗೇ ಬರುತ್ತೆ. ಉಪಮೇಯ ಉಪಮಾನ ಅದಲುಬದಲಾಗೋದು ಇಲ್ಲೇ: ಕವಿ ಯಾವುದರ ಬಗ್ಗೆ ಹೇಳ್ತಿದ್ದಾನೋ ಅದು ಉಪಮೇಯ, ಹೋಲಿಸೋಕೆ ಹೊರಗಿಂದ ತಂದಿದ್ದು ಉಪಮಾನ. ವಾಕ್ಯದಲ್ಲಿ ಯಾವುದು ಮೊದಲು ಬಂತು ಅನ್ನೋದು ಲೆಕ್ಕಕ್ಕಿಲ್ಲ.

ಹತ್ತನೇ ಕ್ಲಾಸು
ಪದ್ಯ ಪುಸ್ತಕ ನೋಡ್ಕೊಂಡು ಮತ್ತೆ ಬರೆದೆ, ‘ನಾರಯಣ’ ಅಂತಲೇ. ಗಟ್ಟಿಯಾಗಿ ಓದಿ ಗಣ ಹಾಕಿದೆ. 14, 14, 23, 14, 14, 23. 102 ಬಂತು!

ಗಮಕಪ್ರಿಯೆ
‘ಮಥನ ಶ್ರವಣ’ದ ಹತ್ತಿರ ನಿಂತಿರಾ?

ಹತ್ತನೇ ಕ್ಲಾಸು
ನಿಂತೆ. ‘ನ’ ಹಗುರಾಗಿಯೇ ಬಂತು.